ಬಾಕ್ಸ್‌ಟರ್‌ಗೆ ಎರಡು ಟೈರೋ, ನಾಲ್ಕು ಟೈರೋ?

ಪ್ರಶ್ನೆ: ಸರ್, ನಾನು ಚಿಕ್ಕಬಳ್ಳಾಪುರದವನು. ಹೋದ ವರ್ಷ 2014ರ ಪೋರ್ಷೆ ಬಾಕ್ಸ್‌ಟರ್, 2.7 ಲೀಟರ್‌ನದು, ಸೆಕೆಂಡ್ ಹ್ಯಾಂಡ್ ತಗೊಂಡೆ. 19 ಇಂಚಿನ ರಿಮ್ ಇದೆ. ಭಾನುವಾರ ಬೆಳಗ್ಗೆ ನಂದಿ ಬೆಟ್ಟಕ್ಕೆ ಹೋಗ್ತೀನಿ, ಬಾಗೇಪಲ್ಲಿ ಕಡೆ ಹೈವೇಲಿ ಓಡಿಸ್ತೀನಿ, ಆಗಾಗ ಗೌರಿಬಿದನೂರಿನ ಹತ್ತಿರ ನಮ್ಮ ತೋಟಕ್ಕೂ ತಗೊಂಡು ಹೋಗ್ತೀನಿ. ವರ್ಷಕ್ಕೆ ಐದು ಸಾವಿರ ಕಿಲೋಮೀಟರ್ ಆದರೆ ಹೆಚ್ಚು. ಹಿಂದಿನ ಎರಡು ಟೈರ್ ಸವೆದಿವೆ, ಮುಂದಿನವು ಚೆನ್ನಾಗಿಯೇ ಇವೆ. ಹಿಂದಿನ ಎರಡು ಮಾತ್ರ ಹಾಕಿಸಿದರೆ ಸಾಕಾ? ಎನ್ ಮಾರ್ಕ್ ಇರುವ ಟೈರೇ ಬೇಕಾ? ಸ್ವಲ್ಪ ಅಗಲದ್ದು ಹಾಕಿಸಿದರೆ ಹಿಡಿತ ಜಾಸ್ತಿ ಆಗುತ್ತಾ? ನಾನು ಯಾವತ್ತೂ 300ರಲ್ಲಿ ಓಡಿಸೋದಿಲ್ಲ, ಕಡಿಮೆ ಸ್ಪೀಡ್ ರೇಟಿಂಗ್‌ನದು ಸಾಲದಾ? ಫೋಟೋಗಳನ್ನು ಕಳಿಸಿದ್ದೇನೆ.

ಉತ್ತರ: ನಾಲ್ಕೂ ಬದಲಾಯಿಸಿ. ನೀವು ಕೇಳಿರೋದು ಹಿಂದಿನ ಟೈರ್ ಬಗ್ಗೆ. ನನಗೆ ಭಯ ಆಗಿದ್ದು ಮುಂದಿನ ಟೈರ್ ನೋಡಿ.

ಮೂರನೇ ಫೋಟೋ ದೊಡ್ಡದು ಮಾಡಿ ನೋಡಿದೆ. ಡಿಓಟಿ ಅಂತ ಶುರುವಾಗುವ ಸಾಲಿನ ಕೊನೆಯಲ್ಲಿ, ಮೊಟ್ಟೆ ಆಕಾರದ ಚೌಕಟ್ಟಿನೊಳಗೆ 3517 ಅಂತ ಇದೆ. 2017ನೇ ಇಸವಿಯ 35ನೇ ವಾರ ಅಂತ ಅದರ ಅರ್ಥ. ಆ ಟೈರ್ ಫ್ಯಾಕ್ಟರಿಯಿಂದ ಹೊರಗೆ ಬಂದು ಎಂಟು ವರ್ಷ ಮೀರಿದೆ. ತೋಡು ಇನ್ನೂ ಆಳವಾಗಿದೆ, ನಿಜ. ಆದರೆ ರಬ್ಬರ್ ಮುಗಿದುಹೋಗಿದೆ.

ದಿನಾ ಓಡುವ ಕಾರಿನಲ್ಲಿ ಟೈರ್ ಸವೆದು ಹೋಗುತ್ತೆ. ನಿಮ್ಮಂಥ ಕಾರು ವಾರವೆಲ್ಲ ಶೆಡ್‌ನಲ್ಲಿ ನಿಂತಿರುತ್ತೆ. ಹಾಗಾಗಿ ಟೈರ್ ಸವೆಯುವ ಮೊದಲೇ ಮುದಿಯಾಗುತ್ತೆ. ನೀವೇ ಪರೀಕ್ಷೆ ಮಾಡಬಹುದು. ಬೆಳಗ್ಗೆ ಕಾರು ತಣ್ಣಗಿರುವಾಗ ಮುಂದಿನ ಟೈರಿನ ಮೇಲೆ ಹೆಬ್ಬೆರಳ ಉಗುರನ್ನು ಬಲವಾಗಿ ಒತ್ತಿ. ಈ ಜಾತಿಯ ಹೊಸ ಟೈರಾದರೆ ಉಗುರು ಸ್ವಲ್ಪ ಒಳಗೆ ಹೋಗುತ್ತೆ, ಗುರುತು ನಿಧಾನಕ್ಕೆ ಮಾಯವಾಗುತ್ತೆ. ನಿಮ್ಮದರಲ್ಲಿ ಹಳೇ ಹವಾಯಿ ಚಪ್ಪಲಿಯ ಹಿಮ್ಮಡಿ ಒತ್ತಿದ ಹಾಗೆ ಇರುತ್ತೆ ಅಂತ ನನ್ನ ಅಂದಾಜು. ಆಮೇಲೆ ಟಾರ್ಚ್ ಹಿಡಿದು ತೋಡಿನ ತಳ ನೋಡಿ. ಬೇಸಿಗೆಯಲ್ಲಿ ಒಣಗಿದ ಕೆರೆ ಅಂಗಳದ ಥರ ಸಣ್ಣ ಸಣ್ಣ ಬಿರುಕು ಕಾಣುತ್ತೆ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ತಿಳಿದವರ ಹತ್ತಿರ ತೋರಿಸಿ, ಹತ್ತು ವರ್ಷ ದಾಟಿದರೆ ಚೆನ್ನಾಗಿ ಕಂಡರೂ ತೆಗೆಸಿ ಅನ್ನೋದು ಮಿಶೆಲಿನ್ ಕಂಪನಿಯ ಸಲಹೆ. ಸ್ಪೋರ್ಟ್ಸ್ ಕಾರಿನ ಮೆತ್ತಗಿನ ರಬ್ಬರ್‌ಗೆ ನಾನು ಆರು ವರ್ಷಕ್ಕಿಂತ ಜಾಸ್ತಿ ಕೊಡುವುದಿಲ್ಲ.

ಈಗ ಹಿಂದಿನ ಟೈರ್. ಫೋಟೋವನ್ನು ಹೊರಗಡೆಯಿಂದ ತೆಗೆದಿದ್ದೀರಿ. ಅದರಲ್ಲಿ ಇನ್ನೂ ಮೂರು ಮಿಲಿಮೀಟರ್ ಇರುವ ಹಾಗೆ ಕಾಣುತ್ತೆ. ಆದರೆ ಈ ಕಾರುಗಳ ಹಿಂದಿನ ಚಕ್ರದ ತಲೆ ಸ್ವಲ್ಪ ಒಳಕ್ಕೆ ವಾಲಿರುತ್ತೆ. ತಿರುವಿನಲ್ಲಿ ಹಿಡಿತ ಸಿಗಲಿ ಅಂತ ಹಾಗೆ ಮಾಡಿರುತ್ತಾರೆ. ಅದಕ್ಕೇ ಟೈರ್ ಒಳಗಿನ ಅಂಚಿನಲ್ಲಿ ಮೊದಲು ಸವೆಯುತ್ತೆ. ತುಮಕೂರಿನ ಬಿ.ಎಚ್. ರಸ್ತೆಯ ನಮ್ಮ ಅಂಗಡಿಗೆ ಹೋದ ಮಳೆಗಾಲದಲ್ಲಿ ಇಂಥದೇ ಒಂದು ಕಾರು ಬಂದಿತ್ತು. ಸುಮ್ನೆ ಬ್ಯಾಲೆನ್ಸಿಂಗ್ ಮಾಡಿಸೋಕೆ ಬಂದಿದ್ದರು. ಲಿಫ್ಟ್ ಮೇಲೆ ಎತ್ತಿ, ಕೆಳಗೆ ನಿಂತು, ಟೈರಿನ ಒಳ ಅಂಚಿನ ಮೇಲೆ ಕೈ ಆಡಿಸಿದೆ. ಎರಡು ಬೆರಳು ಅಗಲಕ್ಕೆ ಗಾಜಿನ ಹಾಗೆ ನುಣ್ಣಗೆ. ಇನ್ನೊಂದು ಸ್ವಲ್ಪ ಕೈ ಸರಿಸಿದರೆ ಏನೋ ಚುಚ್ಚಿತು. ಟಾರ್ಚ್ ಬಿಟ್ಟು ನೋಡಿದರೆ ಸ್ಟೀಲ್ ತಂತಿ ಹೊರಗೆ ಬಂದು ಮಿನುಗುತ್ತಿತ್ತು. ಹೊರಗಿನ ಅರ್ಧ ಹೊಸದರ ಹಾಗೇ ಇತ್ತು. ಆ ಟೈರಿನಲ್ಲೇ ಅವರು ಬೆಂಗಳೂರಿನಿಂದ ಹೆಂಡತಿ ಮಕ್ಕಳ ಜೊತೆ ಹೈವೇಲಿ ಬಂದಿದ್ದರು. ನೀವೂ ಇವತ್ತೇ ಹಿಂದಿನ ಚಕ್ರದ ಒಳಗಡೆ ಕೈ ಹಾಕಿ ಸವರಿ ನೋಡಿ. ತೋಡಿನ ಮಧ್ಯೆ ಅಡ್ಡಕ್ಕೆ ಸಣ್ಣ ಗಂಟು ಇರುತ್ತೆ, ಅದರ ಎತ್ತರ 1.6 ಮಿಲಿಮೀಟರ್. ಯಾವುದೇ ಒಂದು ಜಾಗದಲ್ಲಿ ರಬ್ಬರ್ ಆ ಗಂಟಿನ ಮಟ್ಟಕ್ಕೆ ಬಂದಿದ್ದರೆ ಟೈರ್ ಮುಗಿದ ಹಾಗೆ. ತಂತಿ ಕೈಗೆ ಸಿಕ್ಕಿದರೆ ಕಾರನ್ನು ತೋಟಕ್ಕೂ ಒಯ್ಯಬೇಡಿ.

ಹಿಂದೆ ಎರಡು ಹೊಸದು, ಮುಂದೆ ಎಂಟು ವರ್ಷದ ಹಳೇದು. ಹೀಗೆ ಮಾಡಿದರೆ ಏನಾಗುತ್ತೆ? ಬಾಕ್ಸ್‌ಟರ್‌ನಲ್ಲಿ ಇಂಜಿನ್ ಸೀಟಿನ ಹಿಂದೆ ಇದೆ. ಮುಂಭಾಗ ಮೊದಲೇ ಹಗುರ. ನಂದಿಯಿಂದ ಇಳಿಯುವಾಗ ರಸ್ತೆ ಇಬ್ಬನಿಯಲ್ಲಿ ಒದ್ದೆಯಾಗಿರುತ್ತೆ, ಮರದ ಎಲೆ ಬಿದ್ದಿರುತ್ತೆ. ಅಲ್ಲಿ ಗಟ್ಟಿಯಾದ ಮುಂದಿನ ಟೈರ್ ಮೊದಲು ಜಾರುತ್ತೆ. ನೀವು ಸ್ಟಿಯರಿಂಗ್ ತಿರುಗಿಸಿರುತ್ತೀರಿ, ಕಾರು ಮಾತ್ರ ನೇರ ಹೋಗುತ್ತಿರುತ್ತೆ.

ಇದರ ಉಲ್ಟಾ ಇನ್ನೂ ಕೆಟ್ಟದು. ಅದನ್ನು ನಾನು ನನ್ನ ತಪ್ಪಿನಿಂದಲೇ ಕಲಿತೆ. ಸುಮಾರು ಹದಿನೈದು ವರ್ಷದ ಹಿಂದೆ ನನ್ನ ಸ್ನೇಹಿತನ ಎರಡು ಸೀಟಿನ ಕಾರಿಗೆ ಮುಂದಿನ ಎರಡು ಟೈರ್ ಮಾತ್ರ ಹೊಸದು ಹಾಕಿಕೊಟ್ಟೆ. ಹಿಂದಿನವು ಇನ್ನೊಂದು ವರ್ಷ ಬರುತ್ತವೆ ಅಂತ ನಾನೇ ಹೇಳಿದ್ದೆ. ಅಕ್ಟೋಬರ್ ಮಳೆ. ಕ್ಯಾತ್ಸಂದ್ರದ ಹತ್ತಿರ ರಸ್ತೆ ಮೇಲೆ ನೀರು ನಿಂತಿತ್ತು. ಮುಂದಿನ ಹೊಸ ಟೈರ್ ನೀರನ್ನು ಸೀಳಿಕೊಂಡು ಹೋಯಿತು. ಸ್ಟಿಯರಿಂಗ್‌ನಲ್ಲಿ ಏನೂ ವ್ಯತ್ಯಾಸ ಗೊತ್ತಾಗದೆ ಅವನು ವೇಗ ಇಳಿಸಲಿಲ್ಲ. ಹಿಂದಿನ ಹಳೇ ಟೈರ್ ನೀರಿನ ಮೇಲೆ ತೇಲಿತು. ಕಾರು ಒಂದು ಸುತ್ತು ತಿರುಗಿ ಡಿವೈಡರ್‌ಗೆ ಬಡಿಯಿತು. ಅವನಿಗೆ ಏನೂ ಆಗಲಿಲ್ಲ. ಹಿಂದೆ ಲಾರಿ ಇರಲಿಲ್ಲ, ಅಷ್ಟೇ. ಅವತ್ತಿನಿಂದ ಎರಡೇ ಟೈರ್ ಹಾಕಬೇಕಾದ ಪರಿಸ್ಥಿತಿ ಬಂದರೆ ಹೊಸದನ್ನು ಹಿಂದಕ್ಕೇ ಹಾಕುತ್ತೇನೆ. ನಿಮ್ಮ ಕಾರಲ್ಲಿ ಟೈರಿನ ಅಗಲ ಮುಂದೆ 235 ಮಿಲಿಮೀಟರ್, ಹಿಂದೆ 265. ಹಿಂದಿನದು ಮುಂದೆ, ಮುಂದಿನದು ಹಿಂದೆ ಬದಲಾಯಿಸುವ ಮಾತೇ ಇಲ್ಲ. ಹಿಂದಿನವು ಬೇಗ ಸವೆಯೋದು ಸಹಜ. ಮುಂದಿನ ಜೊತೆ ಎರಡು ಮೂರು ವರ್ಷದ ಒಳಗಿನದಾಗಿದ್ದಿದ್ದರೆ, ಹಿಂದೆ ಅದೇ ಕಂಪನಿಯ ಅದೇ ಮಾಡೆಲ್ ಎರಡು ಹಾಕಿಸಿ ಅಂತ ನಾನೇ ಹೇಳುತ್ತಿದ್ದೆ.

ಎನ್ ಮಾರ್ಕ್ ವಿಚಾರ. ಪೋರ್ಷೆ ತನ್ನ ಕಾರಿಗೆ ಪರೀಕ್ಷೆ ಮಾಡಿ ಒಪ್ಪಿದ ಟೈರ್‌ಗಳ ಪಕ್ಕದಲ್ಲಿ ಎನ್0, ಎನ್1 ಅಂತ ಅಚ್ಚು ಇರುತ್ತೆ. ಬಿಎಂಡಬ್ಲ್ಯುಗೆ ನಕ್ಷತ್ರ, ಮರ್ಸಿಡಿಸ್‌ಗೆ ಎಂಓ, ಆಡಿಗೆ ಎಓ ಇದ್ದ ಹಾಗೆ. ಇದು ಬರೀ ಸ್ಟಿಕ್ಕರ್ ಅಲ್ಲ. ಹೆಸರು ಒಂದೇ ಆದರೂ ಎನ್ ಇರುವ ಪಿರೆಲ್ಲಿ ಕಂಪನಿಯ ಪಿ ಝೀರೋ ಬೇರೆ, ಇಲ್ಲದ ಪಿ ಝೀರೋ ಬೇರೆ. ರಬ್ಬರ್ ಮಿಶ್ರಣ, ಒಳಗಿನ ಕಟ್ಟು, ಸೈಡ್‌ವಾಲ್‌ನ, ಅಂದರೆ ಟೈರಿನ ಪಕ್ಕದ ಗೋಡೆಯ ಬಿಗಿ ಬದಲಾಗಿರಬಹುದು. ಮುಂದೆ ಒಂದು ಕಂಪನಿಯ ಎನ್, ಹಿಂದೆ ಇನ್ನೊಂದು ಕಂಪನಿಯ ಎನ್ ಹಾಕೋದೂ ತಪ್ಪು. ನಾಲ್ಕೂ ಒಂದೇ ಮಾಡೆಲ್, ಒಂದೇ ಎನ್ ಸಂಖ್ಯೆ ಇರಬೇಕು.

ಆದರೆ ನಮ್ಮ ಕಡೆ ಸಮಸ್ಯೆ ಬೇರೆಯೇ ಇದೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊರದೇಶದ ಟೈರ್ ಆಮದಿಗೆ ನಿರ್ಬಂಧ ಹಾಕಿತು. ಆಗಿನಿಂದ ಲೈಸೆನ್ಸ್ ಬೇಕು. ಇಂಥ ಸೈಜ್‌ಗಳು ಬೇಕೆಂದಾಗ ಸಿಗೋದಿಲ್ಲ. ಸಿಕ್ಕಿದರೂ ಗೋಡೌನ್‌ನಲ್ಲಿ ಮೂರು ವರ್ಷ ಮಲಗಿರುವ ಮಾಲು ಇರಬಹುದು. ಬೆಂಗಳೂರಿನ ಒಂದು ಅಂಗಡಿಯಲ್ಲಿ ಹೀಗೇ ಒಬ್ಬರಿಗೆ ಹೊಸ ಟೈರ್ ಅಂತ ನಾಲ್ಕು ವರ್ಷದ ಹಳೇದು ಕೊಟ್ಟಿದ್ದರು, ಪೂರ್ತಿ ಬೆಲೆಗೆ. ಅಲೈನ್‌ಮೆಂಟ್‌ಗೆ ನನ್ನ ಹತ್ತಿರ ಬಂದಾಗ ಗೊತ್ತಾಯಿತು. ಮೇಲೆ ಹೊಳಪು ಹಚ್ಚಿದ್ದರಿಂದ ಕಣ್ಣಿಗೆ ಹೊಸದರ ಹಾಗೇ ಇತ್ತು. ತಾರೀಖಿನ ಅಚ್ಚು ಟೈರಿನ ಒಂದೇ ಮಗ್ಗುಲಲ್ಲಿ ಇರಬಹುದು. ಅದು ಒಳಗಡೆ ಬರುವ ಹಾಗೆ ಹಾಕಿದ್ದರೆ ನೀವು ಕಾರಿನ ಸುತ್ತ ಹತ್ತು ಸಲ ಓಡಾಡಿದರೂ ಕಾಣೋದಿಲ್ಲ.

ನನ್ನ ತೀರ್ಮಾನ ಹೀಗೆ. ಒಂದು ವರ್ಷದ ಒಳಗಿನ ಎನ್ ಟೈರ್ ನಾಲ್ಕೂ ಸಿಕ್ಕರೆ ಅದನ್ನೇ ತಗೊಳ್ಳಿ, ಸ್ವಲ್ಪ ಜಾಸ್ತಿ ದುಡ್ಡಾದರೂ ಸರಿ. ಎನ್ ಹಳೇದಿದ್ದು, ಎನ್ ಇಲ್ಲದ ಒಳ್ಳೇ ಮಾಡೆಲ್ ಹೊಸದಾಗಿದ್ದರೆ, ನಿಮ್ಮ ಓಡಾಟಕ್ಕೆ ನಾನು ಹೊಸದನ್ನೇ ಆರಿಸುತ್ತೇನೆ. ಕಾರಿಗೆ ಕಂಪನಿಯ ವಾರಂಟಿ ಇನ್ನೂ ನಡೀತಿದ್ದರೆ ಮಾತ್ರ ಎನ್ ಬಿಟ್ಟು ಬೇರೆ ಹಾಕಬೇಡಿ. ಯಾವುದೇ ಆದರೂ ಪಕ್ಕದಲ್ಲಿ ಐಎಸ್‌ಐ ಗುರುತು ಇದೆಯಾ ನೋಡಿ.

ಮಾಡೆಲ್ ಯಾವುದು? ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್, ಪಿರೆಲ್ಲಿ ಪಿ ಝೀರೋ, ಕಾಂಟಿನೆಂಟಲ್ ಸ್ಪೋರ್ಟ್‌ಕಾಂಟ್ಯಾಕ್ಟ್, ಗುಡ್‌ಇಯರ್ ಈಗಲ್ ಎಫ್1, ಬ್ರಿಜ್‌ಸ್ಟೋನ್ ಪೊಟೆನ್ಜಾ ಸ್ಪೋರ್ಟ್. ಎಲ್ಲವೂ ಇದೇ ಕೆಲಸಕ್ಕೆ ಮಾಡಿದ ಟೈರ್‌ಗಳು. ಬಜೆಟ್ ಕಡಿಮೆಯಾದರೆ ವ್ರೆಡೆಸ್ಟೈನ್‌ನ ಅಲ್ಟ್ರ್ಯಾಕ್ ಸಾಲನ್ನೂ ವಿಚಾರಿಸಿ. ನೆದರ್‌ಲ್ಯಾಂಡ್ಸ್‌ನ ಆ ಕಂಪನಿ 2009ರಿಂದ ನಮ್ಮ ಅಪೊಲೊ ಕೈಯಲ್ಲಿದೆ. ನನಗೆ ಆಯ್ಕೆ ಕೊಟ್ಟರೆ ಪೈಲಟ್ ಸ್ಪೋರ್ಟ್ 4ಎಸ್ ಅನ್ನುತ್ತೇನೆ, ಒದ್ದೆ ರಸ್ತೆಯಲ್ಲಿ ಅದರ ಬ್ರೇಕ್ ಮೇಲೆ ನನಗೆ ನಂಬಿಕೆ ಇದೆ. ನಮ್ಮ ಸೀಮೆಯಲ್ಲಿ ಮಳೆ ಕಡಿಮೆ ಅಂತ ಉದಾಸೀನ ಮಾಡಬೇಡಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬೀಳುವ ಮಳೆ ಒಂದೇ ಸಂಜೆಗೆ ರಸ್ತೆ ತುಂಬಿಸುತ್ತೆ.

ಸ್ನೇಹಿತರು ಯಾರಾದರೂ ಟ್ರ್ಯಾಕ್ ಟೈರ್ ಹಾಕಿಸು, ಪೈಲಟ್ ಸ್ಪೋರ್ಟ್ ಕಪ್ 2 ಹಾಕಿಸು ಅಂದರೆ ಬೇಡ ಅನ್ನಿ. ಟೈರ್ ಪಕ್ಕದಲ್ಲಿ ಟ್ರೆಡ್‌ವೇರ್ ಅಂತ ಒಂದು ಸಂಖ್ಯೆ ಇರುತ್ತೆ. 4ಎಸ್‌ನಲ್ಲಿ ಅದು 300, ಕಪ್ 2ನಲ್ಲಿ 180. ಸಂಖ್ಯೆ ಕಡಿಮೆಯಾದಷ್ಟೂ ಬೇಗ ಸವೆಯುತ್ತೆ. ಆ ಸಂಖ್ಯೆಯನ್ನು ಕಂಪನಿಗಳು ತಾವೇ ಹಾಕಿಕೊಳ್ಳುತ್ತವೆ. ಹಾಗಾಗಿ ಒಂದೇ ಕಂಪನಿಯ ಎರಡು ಮಾಡೆಲ್ ಹೋಲಿಸೋಕೆ ಮಾತ್ರ ಬಳಸಿ. ಕಪ್ 2 ಕಾದ ಮೇಲೆ ಒಣ ರಸ್ತೆಯಲ್ಲಿ ಅಂಟಿಕೊಳ್ಳುತ್ತೆ. ಬೆಳಗಿನ ಆರು ಗಂಟೆಯ ತಣ್ಣಗಿನ ಒದ್ದೆ ಘಾಟಿಗೆ ಅದಲ್ಲ. ಇನ್ನು ಇಂಥ ಟೈರ್‌ಗಳಿಗಿರುವ ಸಮ್ಮರ್ ಟೈರ್ ಅನ್ನೋ ಹೆಸರು ನೋಡಿ ಚಳಿಗಾಲಕ್ಕೆ ಬೇರೆ ಬೇಕಾ ಅಂತ ಕೆಲವರು ಕೇಳುತ್ತಾರೆ. ಆ ರಬ್ಬರ್ 7 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತೆ, ಅದು ಯುರೋಪಿನವರ ತಲೆನೋವು. ನಮಗೆ ವರ್ಷಪೂರ್ತಿ ಅದೇ ಸರಿ.

ಸ್ಪೀಡ್ ರೇಟಿಂಗ್ ಇಳಿಸಬೇಡಿ. ನಿಮ್ಮ ಹಿಂದಿನ ಟೈರ್ ಮೇಲೆ 265/40 ಝಡ್‌ಆರ್ 19, ಆಮೇಲೆ 98 ವೈ ಅಂತ ಇದೆ. 98 ಅಂದರೆ ಒಂದು ಟೈರ್ 750 ಕಿಲೋ ಹೊರುತ್ತೆ. ವೈ ಅಂದರೆ 300 ಕಿಲೋಮೀಟರ್ ವೇಗದವರೆಗೆ. ನೀವು 100ರಲ್ಲೇ ಹೋಗಿ. ಏಪ್ರಿಲ್ ಮಧ್ಯಾಹ್ನ ಬಾಗೇಪಲ್ಲಿ ಹೈವೇಲಿ ಟೈರ್ ಕಾಯುತ್ತಲ್ಲ, ಆ ಬಿಸಿ ತಡೆಯುವ ಶಕ್ತಿಯೂ ಆ ಅಕ್ಷರದ ಹಿಂದೆ ಇದೆ. ತಿರುವಿನಲ್ಲಿ ಟೈರ್ ಮಡಚದೆ ನಿಲ್ಲುವ ಬಿಗಿಯೂ ಅದೇ ಕಟ್ಟಿನಿಂದ ಬರುತ್ತೆ. ಕಾರು ತಯಾರಿಸಿದವರು ಹೇಳಿದ್ದಕ್ಕಿಂತ ಕೆಳಗಿನದು ಹಾಕಿದರೆ ಅಪಘಾತವಾದಾಗ ಇನ್ಶೂರೆನ್ಸ್‌ನವರು ತಕರಾರು ತೆಗೆಯೋದಕ್ಕೂ ನೀವೇ ದಾರಿ ಮಾಡಿಕೊಟ್ಟ ಹಾಗೆ.

ಅಗಲದ ಆಸೆಯನ್ನೂ ಬಿಡಿ. ನಿಮ್ಮ ಹಿಂದಿನ ರಿಮ್ 9.5 ಇಂಚು ಅಗಲ, ಮುಂದಿನದು 8 ಇಂಚು. 265, 235 ಅವಕ್ಕೆ ಸರಿಯಾಗಿ ಕೂರುವ ಅಳತೆ. ಅಗಲ ಹೆಚ್ಚಿಸಿದರೆ ಅದೇ ತೂಕ ಜಾಸ್ತಿ ಜಾಗಕ್ಕೆ ಹಂಚಿಹೋಗುತ್ತೆ, ನಿಂತ ನೀರಿನಲ್ಲಿ ಟೈರ್ ಬೇಗ ತೇಲುತ್ತೆ. ಹಿಂದೆ ಮಾತ್ರ ಅಗಲ ಮಾಡಿದರೆ ಹಿಂದೆ ಮುಂದೆ ಹೊಂದಾಣಿಕೆಯೂ ಹೋಗುತ್ತೆ.

ನೀವು ಕೇಳದ ಒಂದು ಮಾತು ಹೇಳುತ್ತೇನೆ. ಇದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ನಿಮ್ಮ ಕಾರಿಗೆ ಕಂಪನಿಯೇ 18 ಇಂಚಿನ ಚಕ್ರ ಕೊಡುತ್ತಿತ್ತು. 2.7 ಲೀಟರ್ ಬಾಕ್ಸ್‌ಟರ್‌ನ ಮೂಲ ಅಳತೆಯೇ ಅದು. ಮುಂದೆ 235/45, ಹಿಂದೆ 265/45. ಲೆಕ್ಕ ಹಾಕಿ ನೋಡಿ. 19 ಇಂಚಿನಲ್ಲಿ ಮುಂದಿನ ಟೈರಿನ ಸೈಡ್‌ವಾಲ್ ಎತ್ತರ 235ರ ಶೇಕಡಾ 40, ಅಂದರೆ 94 ಮಿಲಿಮೀಟರ್. 18 ಇಂಚಿಗೆ ಹೋದರೆ 106 ಆಗುತ್ತೆ. ಹಿಂದೆ 106 ಇದ್ದದ್ದು 119 ಆಗುತ್ತೆ. ಚಕ್ರದ ಒಟ್ಟು ಎತ್ತರದಲ್ಲಿ ಬರೀ ಒಂದೆರಡು ಮಿಲಿಮೀಟರ್ ವ್ಯತ್ಯಾಸ. ಸ್ಪೀಡೋಮೀಟರ್ ಸುಳ್ಳು ಹೇಳೋದಿಲ್ಲ.

ಆ 12 ಮಿಲಿಮೀಟರ್ ರಬ್ಬರ್ ಎಷ್ಟು ದೊಡ್ಡದು ಅನ್ನೋದು ನಿಮ್ಮ ಜಿಲ್ಲೆಯ ರಸ್ತೆಯಲ್ಲೇ ಗೊತ್ತಾಗುತ್ತೆ. ಕ್ರಷರ್‌ಗಳಿಂದ ಬರುವ ಟಿಪ್ಪರ್‌ಗಳು ತಿರುವಿನಲ್ಲಿ ಜಲ್ಲಿ ಚೆಲ್ಲಿಕೊಂಡು ಹೋಗುತ್ತವೆ. ಗೌರಿಬಿದನೂರಿನ ಕಡೆ ತೋಟದ ದಾರಿಯಲ್ಲಿ ಗುಂಡಿಯ ಅಂಚು ಚೂಪಾಗಿರುತ್ತೆ. ತೆಳ್ಳಗಿನ ಸೈಡ್‌ವಾಲ್ ಗುಂಡಿಗೆ ಬಿದ್ದಾಗ ರಿಮ್ಮಿಗೂ ರಸ್ತೆಗೂ ಮಧ್ಯೆ ಸಿಕ್ಕಿ ನಜ್ಜಾಗುತ್ತೆ. ಒಳಗಿನ ನೂಲು ಹರಿಯುತ್ತೆ. ಒಂದೆರಡು ದಿನದಲ್ಲಿ ಪಕ್ಕದಲ್ಲಿ ನಿಂಬೆಹಣ್ಣಿನ ಗಾತ್ರಕ್ಕೆ ಉಬ್ಬುತ್ತೆ. ಅದಕ್ಕೆ ರಿಪೇರಿ ಇಲ್ಲ, ಟೈರ್ ಎಸೆಯಬೇಕು. ನಿಮ್ಮ ಕಾರಿನಲ್ಲಿ ಸ್ಟೆಪ್ನಿಯೂ ಇಲ್ಲ, ಇರೋದು ಅಂಟಿನ ಡಬ್ಬಿ ಮತ್ತು ಗಾಳಿ ಪಂಪು ಮಾತ್ರ. ಆ ಅಂಟು ಮೊಳೆ ತೂತಿಗೆ ನಡೆಯುತ್ತೆ, ಪಕ್ಕ ಹರಿದರೆ ನಡೆಯೋದಿಲ್ಲ. ಹಾಗಾಗಿ ಒಳ್ಳೇ ಸ್ಥಿತಿಯ ಒರಿಜಿನಲ್ 18 ಇಂಚಿನ ರಿಮ್ ಸೆಟ್ ಸಿಕ್ಕರೆ ನಾನಾದರೆ ಅದನ್ನೇ ಹಾಕಿಸುತ್ತೇನೆ. ನೋಟ ಸ್ವಲ್ಪ ಕಡಿಮೆಯಾಗಬಹುದು. ಸಿಗದಿದ್ದರೆ 19ರಲ್ಲೇ ಇರಿ, ಆದರೆ ಗಾಳಿ ಯಾವತ್ತೂ ಕಡಿಮೆ ಇರದ ಹಾಗೆ ನೋಡಿಕೊಳ್ಳಿ. ಡೂಪ್ಲಿಕೇಟ್ ರಿಮ್ ಮಾತ್ರ ಬೇಡ.

ರಸ್ತೆ ವಿಚಾರ ಬಂತು, ಇನ್ನೊಂದು. ಸುಗ್ಗಿ ಕಾಲದಲ್ಲಿ ನಮ್ಮ ಕಡೆ ರಾಗಿ, ಹುರುಳಿ ತಂದು ರಸ್ತೆ ಮೇಲೆ ಹರಡುತ್ತಾರೆ. ಅದರ ಮೇಲೆ ಎಷ್ಟು ಒಳ್ಳೇ ಟೈರ್ ಆದರೂ ಜಾರುತ್ತೆ. ನಿಮ್ಮ ಕಾರು ನೆಲಕ್ಕೆ ಹತ್ತಿರ. ಹುರುಳಿ ಸೊಪ್ಪು ಕೆಳಗೆ ಸುತ್ತಿಕೊಂಡು ಸೈಲೆನ್ಸರ್ ಬಿಸಿಗೆ ಹೊತ್ತಿಕೊಳ್ಳಬಹುದು. ದಯವಿಟ್ಟು ಹಾಯಿಸಬೇಡಿ, ಇಳಿದು ಒಂದು ಬದಿ ಸರಿಸಲು ಕೇಳಿಕೊಳ್ಳಿ.

ಹಾಕಿಸುವಾಗ ನೀವೇ ಪಕ್ಕದಲ್ಲಿ ನಿಂತಿರಿ. ಪ್ರತಿ ಚಕ್ರದ ವಾಲ್ವ್ ಬುಡದಲ್ಲಿ ಗಾಳಿ ಒತ್ತಡದ ಸೆನ್ಸರ್ ಇದೆ. ಆ ಜಾಗದಲ್ಲಿ ಮೆಷಿನ್ ಒತ್ತಿದರೆ ಅದು ಮುರಿಯುತ್ತೆ. ಕೆಲಸ ಶುರುವಾಗುವ ಮುಂಚೆ ಹುಡುಗರಿಗೆ ಹೇಳಿ. ಸೆನ್ಸರ್‌ಗಳು ಕಾರಿನಷ್ಟೇ ಹಳೇದಾದರೆ ಒಳಗಿನ ಬ್ಯಾಟರಿ ಮುಗಿಯುವ ಕಾಲ ಬಂದಿದೆ, ಟೈರ್ ಬಿಚ್ಚಿದಾಗಲೇ ಬದಲಾಯಿಸಿದರೆ ಎರಡು ಸಲ ಖರ್ಚಿಲ್ಲ. ಬೋಲ್ಟನ್ನು ಗಾಳಿ ಗನ್‌ನಲ್ಲಿ ಬಿಗಿ ಮಾಡಿ ಕಳಿಸಲು ಬಿಡಬೇಡಿ, ಮ್ಯಾನ್ಯುಯಲ್‌ನಲ್ಲಿರುವ ಅಳತೆಗೆ ಟಾರ್ಕ್ ರೆಂಚ್‌ನಿಂದ ಬಿಗಿ ಮಾಡಿಸಿ. ಅದೇ ದಿನ ನಾಲ್ಕೂ ಚಕ್ರದ ಅಲೈನ್‌ಮೆಂಟ್ ಮಾಡಿಸಿ. ಮುಂದಿನ ಎರಡಕ್ಕೆ ಮಾತ್ರ ಮಾಡುವ ಅಂಗಡಿಗೆ ಹೋಗಲೇಬೇಡಿ. ನಿಮ್ಮ ಹಿಂದಿನ ಟೈರ್ ಒಳಗಡೆ ಸವೆದಿದ್ದರೆ ಹಿಂದಿನ ಚಕ್ರದ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ, ತಪ್ಪಿರುವ ಸಾಧ್ಯತೆ ಜಾಸ್ತಿ. ಅದನ್ನು ಸರಿ ಮಾಡದಿದ್ದರೆ ಹೊಸ ಜೊತೆಯನ್ನೂ ಅದು ತಿಂದುಹಾಕುತ್ತೆ.

ಗಾಳಿ ಎಷ್ಟು ಅನ್ನೋದು ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿದೆ, ಹಿಂದೆ ಮುಂದೆ ಬೇರೆ ಬೇರೆ. ಬೆಳಗ್ಗೆ ಕಾರು ತೆಗೆಯುವ ಮುಂಚೆ ನೋಡಿ. ಹತ್ತು ಡಿಗ್ರಿ ಬಿಸಿ ಏರಿದರೆ ಸುಮಾರು ಒಂದೂವರೆ ಪಿಎಸ್‌ಐ ಏರುತ್ತೆ. ಹೈವೇ ಓಡಿಸಿ ಬಂದು ಜಾಸ್ತಿ ತೋರಿಸುತ್ತಿದೆ ಅಂತ ಗಾಳಿ ಬಿಟ್ಟರೆ ಮರುದಿನ ಬೆಳಗ್ಗೆ ಕಡಿಮೆಯಾಗಿರುತ್ತೆ. ನೈಟ್ರೋಜನ್‌ಗೆ ಅಂತ ಬೇರೆ ದುಡ್ಡು ಕೊಡಬೇಡಿ, ನಾವು ಉಸಿರಾಡುವ ಗಾಳಿಯಲ್ಲೇ ಅದು ಶೇಕಡಾ 78 ಇದೆ. ಗಾಳಿ ಸರಿಯಾಗಿದೆಯಾ ಅಂತ ನೋಡೋಕೆ ನಾನು ಈಗಲೂ ಹಳೇ ಉಪಾಯ ಮಾಡುತ್ತೇನೆ. ಟೈರಿನ ಮೇಲೆ ಅಡ್ಡಕ್ಕೆ ಸೀಮೆಸುಣ್ಣದಲ್ಲಿ ದಪ್ಪ ಗೆರೆ ಎಳೆದು, ಒಣ ಟಾರು ರಸ್ತೆಯಲ್ಲಿ ನೇರ ಸ್ವಲ್ಪ ದೂರ ಓಡಿಸಿ ನಿಲ್ಲಿಸುತ್ತೇನೆ. ಮಧ್ಯೆ ಮಾತ್ರ ಅಳಿಸಿದ್ದರೆ ಗಾಳಿ ಜಾಸ್ತಿ. ಎರಡು ಅಂಚು ಅಳಿಸಿದ್ದರೆ ಕಡಿಮೆ. ಒಳ ಅಂಚು ಮಾತ್ರ ಹೆಚ್ಚು ಅಳಿಸಿದ್ದರೆ ಅಲೈನ್‌ಮೆಂಟ್ ಮೆಷಿನ್‌ಗೆ ವಾಪಸ್.

ಹೊಸ ಟೈರಿನ ಮೇಲ್ಮೈಗೆ ಅಚ್ಚಿನಿಂದ ಬಿಡಿಸಲು ಹಚ್ಚುವ ಜಾರು ಪದಾರ್ಥದ ಪದರ ಇರುತ್ತೆ. ಮೊದಲ 200 ಕಿಲೋಮೀಟರ್ ಜೋರು ಬ್ರೇಕ್, ಜೋರು ತಿರುವು ಬೇಡ. ನಂದಿ ಬೆಟ್ಟ ಆ ಭಾನುವಾರ ಬೇಡವೇ ಬೇಡ. ಬೇಕಾದರೆ ದೊಡ್ಡಬಳ್ಳಾಪುರ, ದಾಬಸ್‌ಪೇಟೆ ಮೇಲೆ ತುಮಕೂರಿಗೆ ನಿಧಾನಕ್ಕೆ ಬನ್ನಿ. ಹೋಗಿಬಂದರೆ ಹೆಚ್ಚುಕಡಿಮೆ ಅಷ್ಟು ದೂರ ಆಗುತ್ತೆ. ಮಧ್ಯೆ ಲಿಫ್ಟ್ ಮೇಲೆ ಎತ್ತಿ ಬೋಲ್ಟ್ ಬಿಗಿ, ಒಳ ಅಂಚು ಎರಡನ್ನೂ ನಾನೇ ನೋಡಿ ಕಳಿಸುತ್ತೇನೆ.